ಸುರಪುರ ಸೀಮೆಯ ಪ್ರಾಚೀನ ಕಲ್ಮನೆ ಹಾಗೂ ಕಲ್ಗುಪ್ಪೆಗಳು: ಸಾರ್ವಜನಿಕರಿಗೆ ಮಾಹಿತಿ

ಬೋನಾಳ ಕೆರೆಯ ಅಭಿವೃದ್ಧಿಯೊಂದಿಗೆ ಹೆಸರು ಸೇರಿರುವ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಅವರು 1842ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ಇದೇ ಸೀಮೆಯ ರಾಜನಕೋಳೂರಿನಲ್ಲಿ ಚಪ್ಪಡಿಗಳಿಂದ ಕಟ್ಟಿದ ಕಲ್ಮನೆಗಳನ್ನು ಗುರುತಿಸಿದವರೂ, ಜೇವರ್ಗಿ ಬಳಿಯ ಕಲ್ಗುಪ್ಪೆಗಳನ್ನು ಅಗೆಸಿ ಪರಿಶೀಲಿಸಿದವರೂ ಅವರೇ. ಇವು ಬೃಹತ್ ಶಿಲಾ ಸಂಸ್ಕೃತಿಯ ಅವಶೇಷಗಳಾಗಿವೆ.

ಕಲ್ಗುಪ್ಪೆಗಳ ಅಡಿಯಲ್ಲಿ ಮಾನವ ಅಸ್ಥಿ, ಮಡಿಕೆ ಹಾಗೂ ಕಬ್ಬಿಣದ ಆಯುಧಗಳು ದೊರೆತವು. ಅವು ಯಾವ ಮಣ್ಣಿನ ಪದರದಲ್ಲಿ, ಹೇಗೆ ಇದ್ದವೆಂಬುದನ್ನು ಟೇಲರ್ ಅವರು ನಕ್ಷೆ ಬರೆದು ದಾಖಲಿಸಿದರು. ಆ ಶೋಧನೆಗೆ ಇಂದಿಗೂ ಬೆಲೆಯಿರುವುದು ಈ ಕಾರಣದಿಂದಲೇ. ಒಮ್ಮೆ ಕದಲಿದ ಪದರವನ್ನು ಮತ್ತೆ ಜೋಡಿಸಲಾಗದು.

ಆದುದರಿಂದ ಹೊಲ ಸಮಗೊಳಿಸಲು, ಮನೆಯ ಪಾಯಕ್ಕೆ ಕಲ್ಲು ತೆಗೆಯಲು ಅಥವಾ ನಿಧಿಯ ಆಸೆಯಿಂದ ಇವುಗಳನ್ನು ಕೀಳಬಾರದು. 1958ರ ಕೇಂದ್ರ ಅಧಿನಿಯಮದ ಪ್ರಕಾರ ಪೂರ್ವಾನುಮತಿಯಿಲ್ಲದೆ ಪುರಾತತ್ತ್ವ ಉತ್ಖನನ ಕೈಗೊಳ್ಳುವಂತಿಲ್ಲ. ನೆಲದಲ್ಲಿ ಹುದುಗಿದ ನಾಣ್ಯ, ಆಭರಣ ಮುಂತಾದ ನಿಧಿ ದೊರೆತಲ್ಲಿ 1962ರ ಕರ್ನಾಟಕ ನಿಕ್ಷೇಪ ನಿಧಿ ಅಧಿನಿಯಮದಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು.

ಬೇಸಾಯ ಅಥವಾ ಕಟ್ಟಡ ಕೆಲಸದ ವೇಳೆ ಹಳೆಯ ಮಡಿಕೆ, ಅಸ್ಥಿ ಇತ್ಯಾದಿ ಕಂಡುಬಂದಲ್ಲಿ ಕೆಲಸ ನಿಲ್ಲಿಸಿ, ವಸ್ತುಗಳನ್ನು ಇದ್ದಲ್ಲಿಯೇ ಬಿಟ್ಟು, ಗ್ರಾಮದ ಹೆಸರು ಹಾಗೂ ಸರ್ವೆ ನಂಬರಿನೊಂದಿಗೆ ತಹಶೀಲ್ದಾರರಿಗೆ ಅಥವಾ ರಾಜ್ಯ ಪುರಾತತ್ತ್ವ ಇಲಾಖೆಗೆ ಮಾಹಿತಿ ನೀಡಲು ಸಾರ್ವಜನಿಕರನ್ನು ಕೋರಲಾಗಿದೆ.