ಹಳೆಯ ನಿಸ್ತಂತು ಸ್ಪೀಕರ್ ಮತ್ತು ಹೊಸ ಮೆಶ್ ಜಾಲ

ತಂತಿಯಿಲ್ಲದ ಸಂಪರ್ಕವನ್ನು ಕನ್ನಡದಲ್ಲಿ 'ನಿಸ್ತಂತು' ಎನ್ನುತ್ತೇವೆ. ಮರಾಠಿಯವರು ಅದನ್ನೇ 'ಬಿನತಾರಿ' ಎನ್ನುತ್ತಾರೆ. ಎರಡು ಪದಗಳೂ ಇಲ್ಲದಿರುವುದನ್ನು ಹೇಳುತ್ತವೆಯೇ ಹೊರತು ತಂತಿಯ ಸ್ಥಾನದಲ್ಲಿ ಏನಿದೆಯೆಂಬುದನ್ನು ತಿಳಿಸುವುದಿಲ್ಲ. ಅದು ತಿಳಿಯದಿದ್ದಾಗಲೇ ತೊಡಕು ಹುಟ್ಟುತ್ತದೆ. ಹತ್ತು ವರ್ಷ ಚೆನ್ನಾಗಿ ಹಾಡಿದ ವೈಫೈ ಸ್ಪೀಕರ್, ಮನೆಗೆ ಹೊಸ ಮೆಶ್ ಜಾಲ ಬಂದ ದಿನವೇ ಮೂಕವಾಗುತ್ತದೆ. ಮನೆಯವರು ಅದು ಕೆಟ್ಟಿತೆಂದು ತಿಳಿದು ಗುಜರಿಗೆ ಹಾಕುತ್ತಾರೆ. ಬಹುಪಾಲು ಅದು ಕೆಟ್ಟಿರುವುದಿಲ್ಲ. ಹೊಸ ಜಾಲದ ಮಾತು ಅದಕ್ಕೆ ತಿಳಿಯುತ್ತಿರುವುದಿಲ್ಲ, ಅಷ್ಟೇ.

ಮೆಶ್ ಎಂದರೆ ಬಲೆಯ ಹೆಣಿಗೆ. ಅದರಲ್ಲಿನ ಒಂದೊಂದು ಪೆಟ್ಟಿಗೆಯನ್ನು 'ನೋಡ್' ಎನ್ನುವುದುಂಟು. ಆ ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೆ 'ಗಂಟು' ಎಂದೇ ಅರ್ಥ. ಬಲೆಗೆ ಗಂಟು ಎಂಬ ಹೋಲಿಕೆ ಇಲ್ಲಿ ಬಹಳ ಸಮಂಜಸವಾಗಿದೆ. ಹಿಂದೆ ಮನೆಗೊಂದೇ ರೂಟರ್ ಇರುತ್ತಿತ್ತು. ಅದರಿಂದ ದೂರವಾದಂತೆ ಸಂಕೇತ ಸೊರಗುತ್ತಿತ್ತು. ಮೆಶ್‌ನಲ್ಲಿ ಎರಡು ಮೂರು ಗಂಟುಗಳು ಮನೆಯ ಬೇರೆ ಬೇರೆ ಕಡೆ ಕುಳಿತು, ಸಂಕೇತವನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಹೊರಗಿನಿಂದ ನೋಡುವವರಿಗೆ ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ದಪ್ಪ ಕಲ್ಲುಗೋಡೆಯ ಹಳೆಯ ವಾಡೆಗಳಿಗೆ ಇದು ನಿಜಕ್ಕೂ ಉಪಕಾರಿ.

ಒಂದು ನಿರ್ದಿಷ್ಟ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 2013ರಲ್ಲಿ ಬಂದ ಸೋನೋಸ್ ಕಂಪನಿಯ 'ಪ್ಲೇ:1' ಚಿಕ್ಕದಾದರೂ ಒಳ್ಳೆಯ ನಾದದ ಸ್ಪೀಕರ್. ಅದರಲ್ಲಿ ಬ್ಲೂಟೂತ್ ಇಲ್ಲ, ಬೇರೆ ಸಾಧನದಿಂದ ಧ್ವನಿಯ ತಂತಿ ಚುಚ್ಚುವ ಕಿಂಡಿಯೂ ಇಲ್ಲ. ಮನೆಯ ಜಾಲವೊಂದೇ ಅದರ ಗತಿ. ಜಾಲ ಸಿಗದಿದ್ದರೆ ಅದು ಬರಿಯ ಪೆಟ್ಟಿಗೆ. ಅದು ಬಲ್ಲದ್ದು 802.11ಬಿ ಮತ್ತು 802.11ಜಿ ಎಂಬ ಹಳೆಯ ಕಟ್ಟಳೆಗಳನ್ನು, ಅದೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತ್ರ. ಮೊದಲನೆಯದು 1999ರದು, ಎರಡನೆಯದು 2003ರದು. ಮನೆಯಲ್ಲಿ ಕಿರಿಯರೆಲ್ಲ ಎರಡು ಮೂರು ಭಾಷೆಗಳನ್ನು ಬೆರೆಸಿ ಆಡುವಾಗ, ಕನ್ನಡವೊಂದನ್ನೇ ಬಲ್ಲ ಅಜ್ಜಿ ಸುಮ್ಮನೆ ಕುಳಿತಂತೆ ಅದರ ಸ್ಥಿತಿ. ಗಡಿನಾಡಿನ ಮನೆಗಳಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಅಜ್ಜಿಯ ಕಿವಿ ಕೆಟ್ಟಿಲ್ಲ. ಅವಳೊಡನೆ ಅವಳ ನುಡಿಯಲ್ಲಿ ಮಾತಾಡುವವರು ಬೇಕು.

ಮೆಶ್ ಜಾಲವು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಪಟ್ಟಿಗಳೆರಡನ್ನೂ ಒಂದೇ ಹೆಸರಿನಡಿ ಬಿತ್ತರಿಸುತ್ತದೆ. 2.4ರ ಅಲೆ ಸುಮಾರು 12.5 ಸೆಂಟಿಮೀಟರ್ ಉದ್ದ. ನಿಧಾನವಾದರೂ ಗೋಡೆಗಳನ್ನು ಮೇಲಾಗಿ ದಾಟುತ್ತದೆ. 5ರ ಅಲೆ ಅದರ ಅರ್ಧದಷ್ಟು. ವೇಗ ಹೆಚ್ಚು, ದಾಟುವ ಶಕ್ತಿ ಕಡಿಮೆ. ಹಳೆಯ ಸ್ಪೀಕರಿಗೆ ಮೊದಲನೆಯದು ಮಾತ್ರ ಕೇಳಿಸುತ್ತದೆ. ಹೆಸರು ಒಂದೇ ಆದದ್ದರಿಂದ ಸ್ವತಃ ತೊಂದರೆಯಿಲ್ಲ. ಆದರೆ ಸಾಧನಗಳನ್ನು 5ರ ಕಡೆಗೆ ತಳ್ಳುವ ವ್ಯವಸ್ಥೆ ಕೆಲವು ಮೆಶ್‌ಗಳಲ್ಲಿ ಇರುತ್ತದೆ; ಜೋಡಣೆಯ ಹೊತ್ತಿಗೆ ಅದು ಅಡ್ಡ ಬರಬಹುದು. 2.4ರ ಪಟ್ಟಿಯನ್ನು ಹೊಸ ಕಟ್ಟಳೆಗಳಿಗೇ ಮೀಸಲಿಟ್ಟಿದ್ದರಂತೂ ಪ್ಲೇ:1 ಒಳಗೆ ಬರುವಂತೆಯೇ ಇಲ್ಲ. ಮೆಶ್‌ನ ಆ್ಯಪ್‌ನಲ್ಲಿ ಇವೆರಡನ್ನೂ ಸಡಿಲಿಸಿ ನೋಡಬೇಕು.

ಹೆಚ್ಚಿನ ತೊಡಕು ಬೀಗದ್ದು. ವೈಫೈ ಜಾಲದ ಭದ್ರತೆಗೆ 2004ರಿಂದ ಡಬ್ಲ್ಯುಪಿಎ2 ಎಂಬ ಪದ್ಧತಿ ಬಳಕೆಯಲ್ಲಿದೆ. 2018ರಲ್ಲಿ ಡಬ್ಲ್ಯುಪಿಎ3 ಬಂತು. ಹೊಸ ಮೆಶ್‌ನಲ್ಲಿ ಮೂರನೆಯದನ್ನೇ ಆರಿಸಿದ್ದರೆ, ಪಾಸ್‌ವರ್ಡ್ ಅಕ್ಷರಶಃ ಸರಿಯಿದ್ದರೂ ಹಳೆಯ ಸ್ಪೀಕರ್ ಸೋಲುತ್ತದೆ. ಮನೆಯವರು ಪಾಸ್‌ವರ್ಡನ್ನೇ ಹತ್ತು ಬಾರಿ ಒತ್ತುತ್ತ ಕೂರುವುದು ಇಲ್ಲಿಯೇ. ಎರಡನ್ನೂ ಒಪ್ಪುವ ಮಿಶ್ರ ಪದ್ಧತಿಯನ್ನು ಆರಿಸಿದರೆ ಬಹಳಷ್ಟು ಹಳೆಯ ಸಾಧನಗಳು ಒಳಗೆ ಬರುತ್ತವೆ. ಕೆಲವು ಮಿಶ್ರದಲ್ಲಿಯೂ ಎಡವುತ್ತವೆ, ಅವುಗಳಿಗೆ ಶುದ್ಧ ಡಬ್ಲ್ಯುಪಿಎ2 ಬೇಕು. ಹಾಗಾದರೆ ಒಂದು ಸ್ಪೀಕರಿಗಾಗಿ ಮನೆಯ ಬೀಗವನ್ನೆಲ್ಲ ಹಳೆಯದಕ್ಕೆ ಇಳಿಸಬೇಕೆ? ಉದ್ದನೆಯ, ಊಹಿಸಲಾಗದ ಪಾಸ್‌ವರ್ಡ್ ಇದ್ದಲ್ಲಿ ಡಬ್ಲ್ಯುಪಿಎ2 ಇಂದಿಗೂ ಮನೆಯ ಬಳಕೆಗೆ ಸಾಲುತ್ತದೆ. ಅದಕ್ಕೂ ಹಿಂದಿನ ಡಬ್ಲ್ಯುಇಪಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬಾರದು. ಅದು ಕದವೇ ಇಲ್ಲದ ಮನೆಗೆ ಸಮ. ಇದಕ್ಕಿಂತ ಮೇಲಾದ ದಾರಿಯೆಂದರೆ, ಸೌಲಭ್ಯವಿರುವ ಮೆಶ್‌ಗಳಲ್ಲಿ ಹಳೆಯ ಸಾಧನಗಳಿಗೆಂದೇ 2.4ರ ಪ್ರತ್ಯೇಕ ಹೆಸರೊಂದನ್ನು ಡಬ್ಲ್ಯುಪಿಎ2 ಬೀಗದೊಡನೆ ತೆರೆಯುವುದು. ಆದರೆ ಅತಿಥಿಗಳ ಜಾಲವನ್ನು ಇದಕ್ಕೆ ಬಳಸಬಾರದು. ಅತಿಥಿಜಾಲದ ಸಾಧನಗಳು ಸಾಮಾನ್ಯವಾಗಿ ಮನೆಯ ಉಳಿದ ಸಾಧನಗಳನ್ನು ಕಾಣಲಾರವು. ಪಡಸಾಲೆಯಲ್ಲಿ ಕೂತವರಿಗೆ ಅಡುಗೆಮನೆ ಕಾಣದಂತೆ. ಆಗ ಸ್ಪೀಕರ್ ಜಾಲದಲ್ಲಿದ್ದರೂ ಫೋನಿನ ಆಜ್ಞೆ ಅದನ್ನು ಮುಟ್ಟುವುದಿಲ್ಲ.

ಅತ್ಯಂತ ಸುಲಭದ ಉಪಾಯವೊಂದಿದೆ. ಅನೇಕರಿಗೆ ಅದು ಹೊಳೆಯುವುದೇ ಇಲ್ಲ. ಹೊಸ ಮೆಶ್‌ಗೆ ಹಳೆಯ ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ತಪ್ಪದೆ ಇಟ್ಟುಬಿಡಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವೂ ಲೆಕ್ಕಕ್ಕೆ ಬರುತ್ತದೆ. ಬೀಗದ ಪದ್ಧತಿಯೂ ಹೊಂದಿದರೆ ಸ್ಪೀಕರ್ ಯಾರನ್ನೂ ಕೇಳದೆ ತಾನೇ ಬಂದು ಸೇರುತ್ತದೆ.

ಅದಾಗದಿದ್ದಲ್ಲಿ ತಂತಿಯೇ ಶರಣು. ಪ್ಲೇ:1ರ ಹಿಂಬದಿಯಲ್ಲಿ ಜಾಲದ ತಂತಿಗೆ, ಅಂದರೆ ಈಥರ್ನೆಟ್ಟಿಗೆ, ಒಂದು ಕಿಂಡಿ ಇದೆ. ಸ್ಪೀಕರನ್ನು ಮೆಶ್‌ನ ಮುಖ್ಯ ಗಂಟಿಗೆ ಆ ತಂತಿಯಿಂದ ಜೋಡಿಸಿ, ಫೋನಿನ ಆ್ಯಪ್ ತೆರೆದು, ಹೊಸ ಜಾಲದ ಹೆಸರು-ಪಾಸ್‌ವರ್ಡ್ ನಮೂದಿಸಿ, ಅನಂತರ ತಂತಿಯನ್ನು ಕಳಚಬಹುದು. ಸ್ಪೀಕರ್ ಗಂಟಿನ ಪಕ್ಕದಲ್ಲಿಯೇ ಇರುವುದಾದರೆ ಕಳಚುವ ಅಗತ್ಯವೂ ಇಲ್ಲ. ನಿಸ್ತಂತು ಸಾಧನಕ್ಕೆ ತಂತಿ ಕಟ್ಟುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇಷ್ಟಾದರೂ ಆ್ಯಪ್‌ನಲ್ಲಿ ಸ್ಪೀಕರ್ ಕಾಣಿಸದಿದ್ದರೆ, ಮನೆಯಲ್ಲಿ ಎರಡು ಜಾಲಗಳಿವೆಯೇ ಎಂದು ನೋಡಬೇಕು. ಅಂತರ್ಜಾಲ ಒದಗಿಸುವವರು ಕೊಟ್ಟ ಪೆಟ್ಟಿಗೆಯೂ ಒಂದು ರೂಟರೇ. ಅದರ ಹಿಂದೆ ಮೆಶ್ ಜೋಡಿಸಿದಾಗ ಅದರ ವೈಫೈ ಎಂದಿನಂತೆ ನಡೆಯುತ್ತಲೇ ಇರುತ್ತದೆ. ಸ್ಪೀಕರ್ ಹಳೆಯ ಪೆಟ್ಟಿಗೆಗೆ ಅಂಟಿಕೊಂಡಿರುತ್ತದೆ, ಫೋನು ಮೆಶ್‌ಗೆ ಬಂದಿರುತ್ತದೆ. ಆ್ಯಪ್ ಸ್ಪೀಕರನ್ನು ಹುಡುಕುವುದು ಓಣಿಯಲ್ಲಿ ನಿಂತು 'ಯಾರಿದ್ದೀರಿ?' ಎಂದು ಕೂಗಿದಂತೆ. ಆ ಕೂಗು ತನ್ನ ರೂಟರಿನ ಗಡಿಯನ್ನು ದಾಟುವುದಿಲ್ಲ. ಹಳೆಯ ಪೆಟ್ಟಿಗೆಯ ವೈಫೈಯನ್ನು ಆರಿಸಬಹುದು. ಇಲ್ಲವೆ ಮೆಶ್ ತಾನೂ ರೂಟರಾಗದೆ ಸಂಕೇತವನ್ನು ದಾಟಿಸುವ ಸೇತುವೆಯಷ್ಟೇ ಆಗುವಂತೆ ಅದರ 'ಬ್ರಿಜ್' ವಿಧಾನವನ್ನು ಆರಿಸಬಹುದು. ಫೋನು ಆ ಹೊತ್ತಿಗೆ ಮೊಬೈಲ್ ಡೇಟಾದಲ್ಲಿದ್ದರೂ ಇದೇ ಗತಿ.

ಸ್ಪೀಕರಿನ ಹಿಂದಿನ ನೆನಪನ್ನೆಲ್ಲ ಅಳಿಸುವ ರೀಸೆಟ್ ಕೊನೆಯ ಮಾತು. ಪ್ಲೇ:1ರಲ್ಲಿ ವಿದ್ಯುತ್ ತಂತಿ ಕಿತ್ತು, ಪ್ಲೇ ಗುಂಡಿಯನ್ನು ಒತ್ತಿ ಹಿಡಿದು ಮತ್ತೆ ಚುಚ್ಚಬೇಕು. ದೀಪ ಕಿತ್ತಳೆ ಮತ್ತು ಬಿಳಿಯಾಗಿ ಮಿನುಗುವವರೆಗೆ ಬೆರಳು ತೆಗೆಯಬಾರದು. ಹಸಿರು ಮಿನುಗಿದಾಗ ಅದು ಹೊಸದರಂತೆ ಜೋಡಣೆಗೆ ಸಿದ್ಧ. ಬೀಗ ಮತ್ತು ಪಟ್ಟಿಯ ವಿಷಯವನ್ನು ಸರಿಪಡಿಸದೆ ಇದನ್ನು ಮಾಡಿದರೆ ಇದ್ದ ನೆನಪೂ ಹೋಗುತ್ತದೆ, ಜೋಡಣೆಯೂ ಆಗುವುದಿಲ್ಲ.