1, 2, 3 ಎಂದು ಮತ ಹಾಕಿದರೆ ಏನಾಗುತ್ತದೆ?

ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರ. 2009ರ ಮೇಯರ್ ಚುನಾವಣೆ. ಮೊದಲ ಸುತ್ತಿನಲ್ಲಿ ಮುಂದಿದ್ದವರು ಕರ್ಟ್ ರೈಟ್, 2,951 ಮತ. ಆದರೆ ಗೆದ್ದವರು ಬಾಬ್ ಕಿಸ್!

ಹೇಗೆ? ಅಲ್ಲಿ ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಈ ಪ್ರಾಶಸ್ತ್ಯದ ಮತ ಹೊಸದೇನಲ್ಲ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರು ಹೊರಗೆ. ಅವರ ಮತಗಳು ಆಯಾ ಮತದಾರರ ಮುಂದಿನ ಆಯ್ಕೆಗೆ ಹೋಗುತ್ತವೆ. ಹೀಗೆ ಬಂದ ಮತಗಳಿಂದಲೇ ಕಿಸ್ ಗೆದ್ದರು.

ಇದರ ಲಾಭ ದೊಡ್ಡದು. ಗೆಲ್ಲುವ ಭರವಸೆ ಇಲ್ಲದ, ಆದರೆ ನಿಮಗೆ ಇಷ್ಟವಾದ ಅಭ್ಯರ್ಥಿಗೆ ಧೈರ್ಯವಾಗಿ ಮೊದಲ ಮತ ಕೊಡಬಹುದು. ಮತ ಹಾಳಾಯಿತು ಅನ್ನುವ ಚಿಂತೆ ಬಹಳಷ್ಟು ಕಡಿಮೆ. ನನ್ನ ಮಟ್ಟಿಗೆ ಇದೊಂದೇ ಸಾಕಷ್ಟು ಬಲವಾದ ಕಾರಣ.

ಆದರೆ ಬರ್ಲಿಂಗ್ಟನ್‌ನ ನೋವನ್ನೂ ಕೇಳಿ. ಕಣದಲ್ಲಿ ಆಂಡಿ ಮಾಂಟ್ರೋಲ್ ಕೂಡ ಇದ್ದರು. ನೇರ ಹಣಾಹಣಿಯಾಗಿದ್ದರೆ ಅವರು ಕಿಸ್ ಅವರನ್ನೂ ರೈಟ್ ಅವರನ್ನೂ ಸೋಲಿಸುತ್ತಿದ್ದರು ಎಂದು ಮತಪತ್ರಗಳೇ ಹೇಳುತ್ತವೆ. ಮೊದಲ ಪ್ರಾಶಸ್ತ್ಯದ ಮತ ಕಡಿಮೆ ಬಿದ್ದಿದ್ದರಿಂದ ಅವರು ನಡುವೆಯೇ ಹೊರಬಿದ್ದರು. ಹೆಚ್ಚು ಜನ ಒಪ್ಪುವ ವ್ಯಕ್ತಿಯೇ ಸೋಲುವುದು ಸಣ್ಣ ದೋಷವಲ್ಲ.

ಎಣಿಕೆಯೂ ತೊಡಕಿನದು. ಇದೇ ಪದ್ಧತಿಯಲ್ಲಿ ನಡೆದ 2021ರ ನ್ಯೂಯಾರ್ಕ್ ಮೇಯರ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ) ಸುಮಾರು 1.35 ಲಕ್ಷ ಪರೀಕ್ಷಾ ಮತಗಳು ಲೆಕ್ಕದಲ್ಲಿ ಸೇರಿಹೋಗಿ, ಪ್ರಕಟಿಸಿದ ಅಂಕಿಅಂಶವನ್ನೇ ಹಿಂತೆಗೆಯಬೇಕಾಯಿತು. ಇನ್ನೊಂದು ತೊಡಕು: ಒಬ್ಬರಿಗೋ ಇಬ್ಬರಿಗೋ ಮಾತ್ರ ಕ್ರಮ ಕೊಟ್ಟವರ ಮತ, ಆ ಅಭ್ಯರ್ಥಿಗಳೆಲ್ಲ ಹೊರಬಿದ್ದರೆ, ಕೊನೆಯ ಸುತ್ತಿಗೆ ಬರುವುದೇ ಇಲ್ಲ.

2010ರಲ್ಲಿ ಬರ್ಲಿಂಗ್ಟನ್ ಜನ ಈ ಪದ್ಧತಿಯನ್ನು ರದ್ದು ಮಾಡಿದರು. 2021ರಲ್ಲಿ ಅದೇ ಊರಿನವರು ಮತ ಹಾಕಿ, ನಗರ ಕೌನ್ಸಿಲ್ ಚುನಾವಣೆಗೆ ಅದನ್ನು ಮರಳಿ ತಂದರು.