ಬ್ಯಾಟರಿ ಹೊಸದು, ಕೀಬೋರ್ಡ್ ಮಾತ್ರ ಮೂಕ

ಪ್ರಶ್ನೆ: ಹೊಸ ಬ್ಯಾಟರಿ ಹಾಕಿದರೂ ವೈರ್‌ಲೆಸ್ ಕೀಬೋರ್ಡ್ ಕಂಪ್ಯೂಟರಿಗೆ ಕನೆಕ್ಟ್ ಆಗುತ್ತಿಲ್ಲ, ಏಕೆ?

ಉತ್ತರ: ಎಲ್ಲರೂ ಕೀಬೋರ್ಡನ್ನೇ ತಿರುಗಿಸಿ ತಟ್ಟಿ ನೋಡುತ್ತಾರೆ. ನನ್ನ ಅನುಮಾನ ಮೊದಲು ಹೋಗುವುದು ಕಂಪ್ಯೂಟರಿಗೆ ಸಿಕ್ಕಿಸಿದ ಯುಎಸ್‌ಬಿ ರಿಸೀವರ್ ಕೂತಿರುವ ಜಾಗದ ಮೇಲೆ. ಉಗುರಿನಷ್ಟಿರುವ ಆ ತುಣುಕು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಗಳನ್ನು ಆಲಿಸುತ್ತಿರುತ್ತದೆ. ವೈಫೈ, ಬ್ಲೂಟೂತ್, ಅಷ್ಟೇ ಏಕೆ, ಅಡುಗೆಮನೆಯ ಮೈಕ್ರೋವೇವ್ ಒಲೆಯದೂ ಅದೇ ಓಣಿ. ಇವೆಲ್ಲಕ್ಕಿಂತ ಹತ್ತಿರದ ಗಲಾಟೆಗಾರ ಪಕ್ಕದ ಯುಎಸ್‌ಬಿ 3.0 ಪೋರ್ಟ್, ಒಳಗೆ ಹೆಚ್ಚಾಗಿ ನೀಲಿ ಪಟ್ಟಿ ಇರುವಂಥದ್ದು. ಅಲ್ಲಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಫೈಲ್ ಕಾಪಿ ಮಾಡುವಾಗ ಹೊರಸೂಸುವ ವಿದ್ಯುತ್ಕಾಂತೀಯ ಗದ್ದಲ ಇದೇ 2.4 ಗಿಗಾಹರ್ಟ್ಸ್ ಓಣಿಯನ್ನು ಕೆಡಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಅಳೆದು ತೋರಿಸಿತ್ತು.

ಗದ್ದಲವಿದ್ದರೆ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪಬೇಕು, ಪೂರ್ತಿ ಮೌನವೇಕೆ ಎಂದು ನೀವು ಕೇಳಬಹುದು. ಆಕ್ಷೇಪ ನ್ಯಾಯವೇ. ಅದಕ್ಕೇ ಒಂದು ಪರೀಕ್ಷೆ: ಒಂದೆರಡು ಅಡಿಯ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ರಿಸೀವರನ್ನು ಸಿಪಿಯು ಹಿಂಬದಿಯಿಂದ ಮೇಜಿನ ಮೇಲಕ್ಕೆ ತನ್ನಿ. ಅಕ್ಷರ ಮೂಡಿದರೆ ಕಳ್ಳ ಸಿಕ್ಕಿದ. ಆಗಲೂ ಮೌನವೇ ಆದರೆ ಕೀಬೋರ್ಡಿಗೂ ರಿಸೀವರಿಗೂ ಇದ್ದ ಜೋಡಣೆ (ಪೇರಿಂಗ್) ಕಳಚಿದೆ, ಇಲ್ಲವೇ ಸಿಕ್ಕಿಸಿರುವುದು ಬೇರೆ ಮೌಸ್‌ನ ರಿಸೀವರ್ (ನೋಡಲು ಎಲ್ಲವೂ ಅವಳಿಜವಳಿ). ಅದೂ ಅಲ್ಲವಾದರೆ ರಿಸೀವರನ್ನು ಮತ್ತೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಕೀಬೋರ್ಡೇ ಕೆಟ್ಟಿದೆ ಎನ್ನುವ ಮಾತು ಆಮೇಲಿನದು.